ಬಾಡಿಗೆಯ ಅಲಾರಂ, ಮಾರಿದ ಕಟ್ಟಡ: ಒಡೆತನ ಯಾರದು?

ಮನೆ, ಮಳಿಗೆ ಅಥವಾ ಕೈಗಾರಿಕಾ ಶೆಡ್ ಒಂದನ್ನು ಕೊಳ್ಳುವ ಮುನ್ನ ನಮ್ಮ ವರ್ತಕ ಬಂಧುಗಳು ಮೂಲಪತ್ರಗಳನ್ನು ನೋಡುತ್ತಾರೆ, ಋಣಭಾರ ಪ್ರಮಾಣಪತ್ರವನ್ನು ತೆಗೆಸುತ್ತಾರೆ, ಖಾತೆಯನ್ನೂ ಕಂದಾಯದ ರಸೀದಿಗಳನ್ನೂ ಪರಿಶೀಲಿಸುತ್ತಾರೆ, ವಿದ್ಯುತ್ ಬಿಲ್ಲಿನ ಬಾಕಿಯನ್ನು ಸಹ ಕೇಳುತ್ತಾರೆ. ಆದರೆ ಬಾಗಿಲ ಪಕ್ಕದ ಗೋಡೆಯಲ್ಲಿ ಕೆಂಪು ದೀಪ ಮಿನುಗಿಸುತ್ತಿರುವ ಕಳ್ಳತನ ಎಚ್ಚರಿಕೆಯ ಪೆಟ್ಟಿಗೆಯ ಬಗ್ಗೆ ಸಾಮಾನ್ಯವಾಗಿ ಯಾರೂ ವಿಚಾರಿಸುವುದಿಲ್ಲ. ಗೋಡೆಯ ಮೇಲಿರುವುದು ಗೋಡೆಯ ಜೊತೆಗೇ ಬಂತೆಂದು ಕೊಳ್ಳುವವರು ಭಾವಿಸುತ್ತಾರೆ. ಬಾಡಿಗೆ ಕೊಡುವುದು ಇಲ್ಲಿಗೆ ಮುಗಿಯಿತೆಂದು ಮಾರುವವರು ಭಾವಿಸುತ್ತಾರೆ. ಅಲಾರಂ ಅಳವಡಿಸಿದ ಕಂಪನಿಗೆ ಕಟ್ಟಡ ಮಾರಾಟವಾದ ಸಂಗತಿಯೇ ತಿಳಿದಿರುವುದಿಲ್ಲ. ಮೂವರಿಗೂ ವಿಷಯ ಅರಿವಾಗುವುದು ಎರಡು ಮೂರು ತಿಂಗಳ ಬಾಡಿಗೆ ಬಾಕಿ ಉಳಿದು ನೋಟೀಸು ಬಂದಾಗ.

ಇದು ಅಲಾರಂ ಒಂದಕ್ಕೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ಬಾಡಿಗೆಗೆ ಪಡೆದ ಸಿಸಿಟಿವಿ ಕ್ಯಾಮೆರಾಗಳು, ನೀರು ಶುದ್ಧೀಕರಣ ಯಂತ್ರ, ಡೀಸೆಲ್ ಜನರೇಟರ್, ಇಪಿಎಬಿಎಕ್ಸ್, ಯುಪಿಎಸ್ ಇವೆಲ್ಲಕ್ಕೂ ಅನ್ವಯಿಸುವ ತತ್ವ ಒಂದೇ. ಅಲಾರಂ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಗೊಂದಲ ಇಲ್ಲಿ ಹೆಚ್ಚು. ಆದುದರಿಂದ ಅದನ್ನೇ ನಿದರ್ಶನವಾಗಿ ತೆಗೆದುಕೊಂಡಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಡಿಗೆಯ ಕರಾರಿನಡಿ ಅಳವಡಿಸಿದ ಅಲಾರಂನ ಒಡೆತನ ಕಟ್ಟಡದ ಮಾರಾಟದಿಂದ ಕದಲುವುದಿಲ್ಲ. ಕ್ರಯಪತ್ರ ನೋಂದಣಿಯಾಗುವ ಮುನ್ನ ಅದು ಕಂಪನಿಯದಾಗಿತ್ತು, ನೋಂದಣಿಯ ನಂತರವೂ ಕಂಪನಿಯದೇ. ಆದರೆ ಈ ಉತ್ತರವನ್ನು ತಲುಪುವ ದಾರಿಯನ್ನು ತಿಳಿಯದಿದ್ದರೆ, ಸ್ವಂತ ಹಣದಿಂದ ಕೊಂಡ ಅಲಾರಂ, ಕಂತಿನ ಮೇಲೆ ಪಡೆದ ಅಲಾರಂ ಮತ್ತು ಬಾಡಿಗೆಯ ಅಲಾರಂ ಇವುಗಳ ನಡುವಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಣ ಕೈಬಿಡುವುದು ಅಲ್ಲಿಯೇ.

ಬೀಗ, ಕೀಲಿ, ಅಗುಳಿಗಳ ಕಾನೂನು

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 8ನೇ ಕಲಂ ಮಾರಾಟದಿಂದ ಕೊಳ್ಳುವವರಿಗೆ ಏನೇನು ಸೇರುತ್ತದೆಂಬುದನ್ನು ಹೇಳುತ್ತದೆ. ಮಾರಿದ ಸ್ವತ್ತು ಮನೆಯಾಗಿದ್ದರೆ ಅದರ ಬೀಗಗಳು, ಕೀಲಿಕೈಗಳು, ಅಗುಳಿಗಳು, ಬಾಗಿಲುಗಳು, ಕಿಟಕಿಗಳು ಹಾಗೂ ಮನೆಯೊಂದಿಗೆ ಶಾಶ್ವತ ಬಳಕೆಗೆಂದು ಒದಗಿಸಿದ ಇತರ ಎಲ್ಲ ವಸ್ತುಗಳೂ ಮನೆಯೊಂದಿಗೆ ಹೋಗುತ್ತವೆಂದು ಆ ಕಲಂ ಸಾರುತ್ತದೆ. 1882ರಲ್ಲಿ ಮನೆಯ ಭದ್ರತೆ ಎಂದರೆ ಬೀಗ ಮತ್ತು ಅಗುಳಿಯೇ ತಾನೆ? ಇಂದಿನ ಅಲಾರಂ ಅವುಗಳ ಮೊಮ್ಮಗ ಎನ್ನಬಹುದು. ಆ ದೃಷ್ಟಿಯಿಂದ, ಮಾಲೀಕರು ತಮ್ಮ ಹಣದಿಂದಲೇ ಕೊಂಡು, ಕಟ್ಟಡದ ನಿತ್ಯದ ರಕ್ಷಣೆಗಾಗಿ ಸ್ಥಿರವಾಗಿ ಅಳವಡಿಸಿದ ಅಲಾರಂ ಕ್ರಯಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಕೊಳ್ಳುವವರಿಗೆ ಸೇರುತ್ತದೆಂಬ ವಾದಕ್ಕೆ ಸಾಕಷ್ಟು ಬಲವಿದೆ.

ಆದರೆ ಅದೇ 8ನೇ ಕಲಮಿನ ಆರಂಭದ ಮಾತನ್ನು ಗಮನಿಸಬೇಕು. ಮಾರುವವರು ಆ ಹೊತ್ತಿಗೆ ವರ್ಗಾಯಿಸಲು ಸಮರ್ಥರಾಗಿರುವ ಹಿತಾಸಕ್ತಿ ಮಾತ್ರ ವರ್ಗವಾಗುತ್ತದೆ ಎಂಬುದು ಅದರ ಅರ್ಥ. ಬಾಡಿಗೆಯ ಅಲಾರಂನಲ್ಲಿ ಮಾರುವವರಿಗೆ ಇದ್ದದ್ದು ಬಳಸುವ ಹಕ್ಕು ಮಾತ್ರ. ಒಡೆತನವೆಂಬುದು ಅವರ ಕೈಯಲ್ಲಿ ಎಂದೂ ಇರಲಿಲ್ಲ. ಇಲ್ಲದ್ದನ್ನು ಅವರು ಕೊಡುವುದಾದರೂ ಹೇಗೆ?

ನಮ್ಮ ಕ್ರಯಪತ್ರಗಳಲ್ಲಿ ಪತ್ರಬರಹಗಾರರು ತಲತಲಾಂತರದಿಂದ ಬರೆಯುತ್ತ ಬಂದಿರುವ ಅಷ್ಟಭೋಗ ತೇಜಸ್ವಾಮ್ಯದ ಒಕ್ಕಣೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟನ್ನೂ ಬರೆದು ಮಾರಿದ ಮೇಲೆ ಗೋಡೆಯ ಪೆಟ್ಟಿಗೆ ಎಲ್ಲಿಗೆ ಹೋದೀತು ಎಂದು ಕೆಲವರು ಕೇಳುವುದುಂಟು. ಒಕ್ಕಣೆ ಎಷ್ಟೇ ವಿಶಾಲವಾಗಿದ್ದರೂ ಅದು ಮಾರುವವರ ಹಕ್ಕಿನ ಮೇರೆಯನ್ನು ಮೀರದು. ಅಷ್ಟಭೋಗವೆಲ್ಲವೂ ಮಾರುವವರ ಭೋಗವೇ ಹೊರತು ಮೂರನೆಯವರದ್ದಲ್ಲ. ತಮಾಷೆಯೆಂದರೆ, ಭೂಮಿಯ ಒಕ್ಕಣೆಯಲ್ಲಿ ಹೂತಿಟ್ಟ ಸಂಪತ್ತಿಗೆ ಬಳಕೆಯಾಗುವ ‘ನಿಕ್ಷೇಪ’ ಎಂಬ ಪದವನ್ನೇ ಪ್ರಾಚೀನ ಧರ್ಮಶಾಸ್ತ್ರಕಾರರು ಒಬ್ಬರು ಇನ್ನೊಬ್ಬರಲ್ಲಿ ನಂಬಿ ಇಟ್ಟ ವಸ್ತುವಿಗೂ ಬಳಸಿದ್ದಾರೆ. ಮನುಸ್ಮೃತಿ ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪ ಎರಡನೆಯದು, ಅದರ ಬೆನ್ನಿಗೇ ಬರುವ ಮೂರನೆಯದು ಅಸ್ವಾಮಿವಿಕ್ರಯ, ಅಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ನಮ್ಮ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ ಅಸ್ವಾಮಿವಿಕ್ರಯಕ್ಕೆ ಪ್ರತ್ಯೇಕ ಭಾಗವಿದೆ. ಬಾಡಿಗೆ ಅಲಾರಂನ ಜಗಳ ಈ ಎರಡು ಹಳೆಯ ಶೀರ್ಷಿಕೆಗಳ ನಡುವೆಯೇ ನಿಂತಿದೆ.

ಆಧುನಿಕ ಕಾನೂನಿನಲ್ಲಿ ನಿಕ್ಷೇಪದ ಸ್ಥಾನದಲ್ಲಿರುವುದು ಕರಾರು ಅಧಿನಿಯಮ, 1872ರ 148ನೇ ಕಲಂ ಮತ್ತು ಮುಂದಿನ ಕಲಮುಗಳಲ್ಲಿ ಬರುವ ಬೈಲ್‌ಮೆಂಟ್. ಉದ್ದೇಶವೊಂದಕ್ಕಾಗಿ ಸರಕನ್ನು ಒಪ್ಪಿಸಿ, ಉದ್ದೇಶ ತೀರಿದ ಮೇಲೆ ಹಿಂದಿರುಗಿಸಬೇಕೆಂಬ ಕರಾರು ಅದು. ಅಸ್ವಾಮಿವಿಕ್ರಯದ ಸ್ಥಾನದಲ್ಲಿರುವುದು ಸರಕು ಮಾರಾಟ ಅಧಿನಿಯಮ, 1930ರ 27ನೇ ಕಲಂ. ಒಡೆಯರಲ್ಲದವರು ಒಡೆಯರ ಅಧಿಕಾರವಾಗಲಿ ಒಪ್ಪಿಗೆಯಾಗಲಿ ಇಲ್ಲದೆ ಮಾರಿದರೆ ಕೊಂಡವರಿಗೆ ಮಾರಿದವರಿಗಿಂತ ಉತ್ತಮವಾದ ಹಕ್ಕು ದೊರೆಯುವುದಿಲ್ಲ. ಇದಕ್ಕೆ ಅಪವಾದವೂ ಅದೇ ಕಲಮಿನಲ್ಲಿದೆ. ಮಾರುವ ಅಧಿಕಾರ ಇವರಿಗಿಲ್ಲವೆಂದು ಹೇಳಲಾಗದಂತೆ ಒಡೆಯರು ತಾವೇ ನಡೆದುಕೊಂಡಿದ್ದರೆ ನಿಯಮ ಅನ್ವಯಿಸದು. ಬಾಡಿಗೆ ಕಂಪನಿಗಳು ಪ್ರತಿ ಪೆಟ್ಟಿಗೆಯ ಮೇಲೂ ‘ಇದು ಕಂಪನಿಯ ಸ್ವತ್ತು’ ಎಂಬ ಚೀಟಿಯನ್ನು ಅಂಟಿಸುವುದರಿಂದ ಇಂಥ ವಾದಕ್ಕೆ ಎಡೆಯಿಲ್ಲದಂತಾಗುತ್ತದೆ. ನಮ್ಮ ಸದಸ್ಯರಲ್ಲಿ ಯಂತ್ರೋಪಕರಣಗಳನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ಆ ಒಂದು ಚೀಟಿಯನ್ನು ಅವರು ಅಲಕ್ಷಿಸಬಾರದು.

‘ನಾನು ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡಿದ್ದೇನೆ’ ಎಂಬ ಉತ್ತರ ಕೊಳ್ಳುವವರಿಂದ ಬರುತ್ತದೆ. ಮೇಲ್ನೋಟದ ಒಡೆಯರಿಂದ ಕೊಂಡವರನ್ನು ರಕ್ಷಿಸುವ ಸ್ವತ್ತು ವರ್ಗಾವಣೆ ಅಧಿನಿಯಮದ 41ನೇ ಕಲಂ ಸ್ಥಿರಾಸ್ತಿಗೆ ಸಂಬಂಧಿಸಿದ್ದು. ಅಲಾರಂ ಚರಸ್ವತ್ತಾಗಿ ಉಳಿದಿರುವವರೆಗೆ ಆ ಕಲಂ ಅವರ ನೆರವಿಗೆ ಬಾರದು. ಹಾಗಾದರೆ ಗೋಡೆಗೆ ತಿರುಪು ಹಾಕಿ ಬಿಗಿದ ವಸ್ತು ಚರವೋ ಸ್ಥಿರವೋ?

ತಿರುಪು ಹಾಕಿದ ಮಾತ್ರಕ್ಕೆ

ಸದರಿ ಅಧಿನಿಯಮದ 3ನೇ ಕಲಂ ‘ಭೂಮಿಗೆ ಲಗತ್ತಾದದ್ದು’ ಎಂಬುದಕ್ಕೆ ಮೂರು ಅರ್ಥಗಳನ್ನು ಕೊಡುತ್ತದೆ. ಮರಗಿಡಗಳಂತೆ ಬೇರುಬಿಟ್ಟದ್ದು, ಗೋಡೆ ಕಟ್ಟಡಗಳಂತೆ ಹುದುಗಿದ್ದು, ಹಾಗೆ ಹುದುಗಿದ್ದಕ್ಕೆ ಅದರದೇ ಶಾಶ್ವತ ಉಪಯುಕ್ತ ಅನುಭೋಗಕ್ಕಾಗಿ ಸೇರಿಸಿದ್ದು. ಅಲಾರಂ ಬರಬಹುದಾದುದು ಮೂರನೆಯದರಲ್ಲಿ. ಅಲ್ಲಿ ‘ಶಾಶ್ವತ’ ಎಂಬ ಪದವೇ ತೂಕದ್ದು. ಇಂಗ್ಲೆಂಡಿನಲ್ಲಿ 1872ರ ಹಾಲೆಂಡ್ ವಿರುದ್ಧ ಹಾಡ್ಜ್‌ಸನ್ ಮೊಕದ್ದಮೆಯಿಂದೀಚೆಗೆ, ಎಷ್ಟು ಬಿಗಿಯಾಗಿ ಸೇರಿಸಲಾಗಿದೆ ಮತ್ತು ಯಾವ ಉದ್ದೇಶದಿಂದ ಸೇರಿಸಲಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ರೂಢಿ. ನಮ್ಮ ನ್ಯಾಯಾಲಯಗಳೂ ಇವೆರಡನ್ನೇ ಹಿಡಿದು ನಡೆದಿವೆ. ಎರಡರಲ್ಲಿ ಉದ್ದೇಶಕ್ಕೇ ಹೆಚ್ಚಿನ ಮನ್ನಣೆ.

ತಯಾರಕರಿಗೆ ಈ ತೀರ್ಪುಗಳು ಅಬಕಾರಿ ಸುಂಕದ ಕಾಲದಿಂದಲೂ ಪರಿಚಿತ. 1997ರ ಕೊನೆಯಲ್ಲಿ ಸಿರ್ಪುರ್ ಪೇಪರ್ ಮಿಲ್ಸ್ ಮೊಕದ್ದಮೆಯಲ್ಲಿ, ಅಲುಗಾಡದಂತೆ ಕೆಲಸ ಮಾಡಲೆಂದು ಕಾಂಕ್ರೀಟಿನ ತಳಹದಿಗೆ ಬಿಗಿದ ಕಾಗದದ ಯಂತ್ರ ಅಷ್ಟರಿಂದಲೇ ಸ್ಥಿರಾಸ್ತಿಯಾಗದೆಂದು ಸುಪ್ರೀಂ ಕೋರ್ಟ್ ಹೇಳಿತು. 2010ರ ಸಾಲಿಡ್ ಅಂಡ್ ಕರೆಕ್ಟ್ ಇಂಜಿನಿಯರಿಂಗ್ ಮೊಕದ್ದಮೆಯಲ್ಲಿ, ಒಂದೂವರೆ ಅಡಿಯ ತಳಪಾಯಕ್ಕೆ ನಟ್ಟು ಬೋಲ್ಟುಗಳಿಂದ ಬಿಗಿದ ಡಾಂಬರು ಮಿಶ್ರಣ ಘಟಕವೂ ಚರವೇ ಎಂದಾಯಿತು. ಕಾಮಗಾರಿ ಮುಗಿದ ಮೇಲೆ ಅದನ್ನು ಬಿಚ್ಚಿ ಬೇರೆಡೆಗೆ ಒಯ್ಯುವ ಉದ್ದೇಶ ಅಲ್ಲಿ ಸ್ಪಷ್ಟವಾಗಿತ್ತು. 2024ರ ನವೆಂಬರಿನಲ್ಲಿ ಭಾರ್ತಿ ಏರ್‌ಟೆಲ್ ಮೊಕದ್ದಮೆಯಲ್ಲಿ ಮೊಬೈಲ್ ಗೋಪುರಗಳನ್ನು ಕುರಿತು ಅದೇ ನ್ಯಾಯಾಲಯ ಅದೇ ದಾರಿಯಲ್ಲಿ ನಡೆಯಿತು. ಇದಕ್ಕೆ ಪ್ರತಿಯಾಗಿ, 1999ರ ಡಂಕನ್ಸ್ ಇಂಡಸ್ಟ್ರೀಸ್ ಮೊಕದ್ದಮೆಯಲ್ಲಿ ಗೊಬ್ಬರದ ಕಾರ್ಖಾನೆಯ ಸ್ಥಾವರವನ್ನು ಶಾಶ್ವತವಾಗಿ ನಡೆಸುವ ಉದ್ದೇಶದಿಂದಲೇ ನೆಲದಲ್ಲಿ ನೆಲೆಗೊಳಿಸಲಾಗಿತ್ತೆಂದು ಕಂಡುಕೊಂಡು, ಅದರ ಮೌಲ್ಯದ ಮೇಲೂ ಮುದ್ರಾಂಕ ಶುಲ್ಕ ಕೊಡಬೇಕೆಂದು ತೀರ್ಮಾನಿಸಲಾಯಿತು.

ಡಾಂಬರು ಘಟಕವೇ ಚರವಾದರೆ, ನಾಲ್ಕು ತಿರುಪು ಬಿಚ್ಚಿದರೆ ಕೈಗೆ ಬರುವ ಅಲಾರಂ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬಾಡಿಗೆಯ ಕರಾರೇ ಉದ್ದೇಶಕ್ಕೆ ಸಾಕ್ಷಿ. ಅವಧಿ ಮುಗಿದ ಮೇಲೆ ಬಿಚ್ಚಿ ಹಿಂದಿರುಗಿಸಬೇಕೆಂದು ಬರೆದುಕೊಂಡು ಅಳವಡಿಸಿದ ವಸ್ತುವನ್ನು ಶಾಶ್ವತ ಅನುಭೋಗಕ್ಕೆಂದು ಅಳವಡಿಸಿದರೆನ್ನಲು ಬಾರದು.

ಆದರೂ ಅಲಾರಂ ವ್ಯವಸ್ಥೆ ಎಂಬುದು ಒಂದೇ ವಸ್ತುವಲ್ಲ. ನಿಯಂತ್ರಣ ಫಲಕ, ಚಲನೆ ಗುರುತಿಸುವ ಸೆನ್ಸರುಗಳು, ಬಾಗಿಲ ಚೌಕಟ್ಟಿನ ಅಯಸ್ಕಾಂತದ ಸ್ವಿಚ್ಚುಗಳು, ಸೈರನ್, 12 ವೋಲ್ಟಿನ ಬ್ಯಾಟರಿ, ಫೋನಿಗೆ ಸಂದೇಶ ಕಳುಹಿಸುವ ಸಿಮ್ ಇರುವ ಘಟಕ, ಇವೆಲ್ಲ ನಿಸ್ಸಂಶಯವಾಗಿ ಕಂಪನಿಯವು. ಗೋಡೆಯೊಳಗೆ ಕೊಳವೆ ಹಾಕಿ ಎಳೆದು ಮೇಲೆ ಗಾರೆ ಬಳಿದ ತಂತಿಯ ವಿಷಯ ಹಾಗಲ್ಲ. ಹಲವು ಕರಾರುಗಳಲ್ಲಿ ತಂತಿ ಹಾಗೂ ಅಳವಡಿಕೆಯ ವೆಚ್ಚವನ್ನು ಗ್ರಾಹಕರಿಂದ ಆರಂಭದಲ್ಲಿಯೇ ಪ್ರತ್ಯೇಕವಾಗಿ ಪಡೆಯಲಾಗಿರುತ್ತದೆ. ಅಂಥ ತಂತಿ ಗ್ರಾಹಕರದು, ಕಟ್ಟಡದ ಭಾಗವಾಗಿ ಅದು ಕೊಳ್ಳುವವರಿಗೆ ಹೋಗುತ್ತದೆ. ಮೊದಲ ಬಿಲ್ಲನ್ನು ತೆಗೆದು ನೋಡಿದರೆ ಇದು ತಿಳಿಯುತ್ತದೆ. ಕಂಪನಿಯವರು ಅಲಾರಂ ಬಿಚ್ಚಲು ಬಂದಾಗ ಗೋಡೆ ಒಡೆದು ತಂತಿ ಎಳೆಯಲು ಹೊರಟರೆ ಆ ಬಿಲ್ಲನ್ನು ತೋರಿಸಬಹುದು.

ನಮ್ಮ ದಿನಬಳಕೆಯಲ್ಲಿಯೇ ಇದಕ್ಕೆ ಹೋಲಿಕೆಗಳಿವೆ. ಅಡುಗೆ ಅನಿಲದ ಸಿಲಿಂಡರ್ ತೈಲ ಕಂಪನಿಯದು, ನಾವು ಕೊಟ್ಟಿರುವುದು ಠೇವಣಿ ಮಾತ್ರ. ಮನೆ ಮಾರುವವರು ಸಿಲಿಂಡರನ್ನು ಮನೆಯ ಬೆಲೆಯಲ್ಲಿ ಸೇರಿಸಿ ಮಾರುವುದಿಲ್ಲ, ಏಜೆನ್ಸಿಗೆ ಒಪ್ಪಿಸಿ ಠೇವಣಿಯನ್ನು ಹಿಂಪಡೆಯುತ್ತಾರೆ ಅಥವಾ ವರ್ಗಾವಣೆಯ ಚೀಟಿ ಪಡೆಯುತ್ತಾರೆ. ಅಲಾರಂನ ವಿಷಯದಲ್ಲಿಯೂ ಇದೇ ವಿವೇಕ ಬೇಕು.

ಕಂತು, ಬಾಡಿಗೆ, ಬಾಡಿಗೆ-ಖರೀದಿ

ಕಾಗದದ ತಲೆಬರಹವನ್ನು ನಂಬಬಾರದು, ಒಳಗಿನ ಷರತ್ತುಗಳನ್ನು ಓದಬೇಕು. ಬೆಲೆಯನ್ನು ಕಂತುಗಳಲ್ಲಿ ಕೊಡುತ್ತೇನೆಂದು ಕೊಳ್ಳಲು ಒಪ್ಪಿಕೊಂಡು ವಸ್ತುವನ್ನು ಪಡೆದವರು ಅದನ್ನು ಪ್ರಾಮಾಣಿಕ ಖರೀದಿದಾರರಿಗೆ ಮಾರಿದರೆ, ಸರಕು ಮಾರಾಟ ಅಧಿನಿಯಮದ 30ನೇ ಕಲಂ ಆ ಖರೀದಿದಾರರನ್ನು ರಕ್ಷಿಸಬಹುದು. ಬಾಡಿಗೆ-ಖರೀದಿಯಲ್ಲಿ ಹಾಗಿಲ್ಲ. ಕೊನೆಯಲ್ಲಿ ಕೊಳ್ಳುವ ಆಯ್ಕೆ ಇದೆಯೇ ಹೊರತು ಕೊಳ್ಳಲೇಬೇಕೆಂಬ ಬದ್ಧತೆ ಇರುವುದಿಲ್ಲ. ಆಯ್ಕೆಯನ್ನು ಚಲಾಯಿಸುವವರೆಗೆ ಒಡೆತನ ಕಂಪನಿಯದು. ಬಾಡಿಗೆ-ಖರೀದಿಗೆಂದೇ 1972ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಜಾರಿಗೇ ಬಾರದೆ 2005ರಲ್ಲಿ ರದ್ದಾಯಿತು. ಹೀಗಾಗಿ ಕರಾರಿನ ಷರತ್ತುಗಳೇ ಇಲ್ಲಿ ಆಧಾರ. ಶುದ್ಧ ಬಾಡಿಗೆಯಲ್ಲಂತೂ ಹತ್ತು ವರ್ಷ ಬಾಡಿಗೆ ಕೊಟ್ಟರೂ, ವಸ್ತುವಿನ ಬೆಲೆಯ ಮೂರು ಪಟ್ಟು ಸಂದಾಯವಾಗಿದ್ದರೂ, ಒಡೆತನ ಬಾರದು. ‘ಇಷ್ಟು ಕೊಟ್ಟಿದ್ದೇವಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ವಸ್ತು ಯಾರ ವಶದಲ್ಲಿದೆ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದಷ್ಟೇ ಒಡೆತನವನ್ನು ನಿರ್ಧರಿಸದೆಂಬುದಕ್ಕೆ ನಮ್ಮ ರಾಜ್ಯದಿಂದಲೇ ಹೋದ ತೆರಿಗೆ ಮೊಕದ್ದಮೆಯೊಂದಿದೆ. ಮಣಿಪಾಲದ ಐಸಿಡಿಎಸ್ ಸಂಸ್ಥೆ ಲೀಸಿಗೆ ಕೊಟ್ಟ ವಾಹನಗಳು ಲೀಸ್ ಪಡೆದವರ ಹೆಸರಿನಲ್ಲಿ ನೋಂದಣಿಯಾಗಿದ್ದವು. ಆದರೂ ಅವುಗಳ ಒಡೆತನ ಸಂಸ್ಥೆಯದೇ, ಸವಕಳಿ ವಿನಾಯಿತಿಗೆ ಸಂಸ್ಥೆಯೇ ಅರ್ಹವೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಾಡಿಗೆ ಅಲಾರಂ ಕೂಡ ಕಂಪನಿಯ ಲೆಕ್ಕಪುಸ್ತಕದಲ್ಲಿ ಸ್ವತ್ತಾಗಿ ನಿಂತಿರುತ್ತದೆ. ಗ್ರಾಹಕರ ಪುಸ್ತಕದಲ್ಲಿರುವುದು ಬಾಡಿಗೆಯ ವೆಚ್ಚ ಮತ್ತು ಠೇವಣಿ.

ಠೇವಣಿಯ ಮಾತು ಬಂದುದರಿಂದ ಹೇಳುತ್ತೇನೆ. ಅದು ಮಾರುವವರದು. ಕಟ್ಟಡದೊಂದಿಗೆ ಅದು ಹೋಗುವುದಿಲ್ಲ, ಕೊಳ್ಳುವವರು ಅದನ್ನು ಕೇಳುವಂತೆಯೂ ಇಲ್ಲ. ಆದರೆ ಕಟ್ಟಡ ಮಾರಿದ ವರ್ಷದ ಆಸ್ತಿ-ಹೊಣೆ ಪಟ್ಟಿಯಲ್ಲಿ ಇಂಥ ಸಣ್ಣ ಠೇವಣಿಗಳು ಹಾಗೆಯೇ ಮುಂದುವರಿದು, ಕೆಲವು ವರ್ಷಗಳ ನಂತರ ವಸೂಲಾಗದ ಬಾಕಿಯೆಂದು ತೆಗೆದುಹಾಕಲ್ಪಡುತ್ತವೆ. ರಸೀದಿ ಯಾವ ಕಡತದಲ್ಲಿದೆಯೆಂದು ಕಟ್ಟಡ ಬಿಡುವ ಮುನ್ನ ಹುಡುಕುವುದು ಸುಲಭ, ಬಿಟ್ಟ ಮೇಲೆ ಕಷ್ಟ.

ಕರಾರಿನ ಹೊಣೆ ಯಾರದು

ಒಡೆತನ ಕಂಪನಿಯದಾದರೆ ಉಳಿದ ಅವಧಿಯ ಬಾಡಿಗೆ ಯಾರು ಕೊಡಬೇಕು? ಕರಾರಿಗೆ ಸಹಿ ಹಾಕಿದವರು ಮಾರುವವರು. ಕೊಳ್ಳುವವರು ಆ ಕರಾರಿಗೆ ಪಕ್ಷಗಾರರಲ್ಲ. ಕಂಪನಿ, ಮಾರುವವರು, ಕೊಳ್ಳುವವರು ಮೂವರೂ ಒಪ್ಪಿ ಹಳೆಯ ಕರಾರಿನ ಬದಲು ಹೊಸದನ್ನು ಮಾಡಿಕೊಂಡರೆ ಮಾತ್ರ, ಕರಾರು ಅಧಿನಿಯಮದ 62ನೇ ಕಲಂ ಪ್ರಕಾರ ಮಾರುವವರು ಮುಕ್ತರಾಗುತ್ತಾರೆ. ‘ಬಾಡಿಗೆಯನ್ನು ಇನ್ನು ಮುಂದೆ ಕೊಳ್ಳುವವರೇ ಕೊಡತಕ್ಕದ್ದು’ ಎಂದು ಕ್ರಯಪತ್ರದಲ್ಲಿ ಬರೆದುಕೊಂಡರೆ ಅದು ಅವರಿಬ್ಬರ ನಡುವಣ ಮಾತಾಯಿತು, ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಕಂಪನಿ ಮಾರಿದವರನ್ನೇ ಕೇಳಬಹುದು.

ಆದರೆ ಕೊಳ್ಳುವವರು ತಮಗೇನೂ ಸಂಬಂಧವಿಲ್ಲವೆಂದು ನಿಶ್ಚಿಂತೆಯಿಂದ ಅಲಾರಂ ಬಳಸುತ್ತ ಕೂರುವಂತಿಲ್ಲ. ಇನ್ನೊಬ್ಬರು ಉಚಿತವಾಗಿ ಕೊಡುವ ಉದ್ದೇಶವಿಲ್ಲದೆ ಒದಗಿಸಿದ್ದರ ಪ್ರಯೋಜನವನ್ನು ಅನುಭವಿಸಿದವರು ಪರಿಹಾರ ಕೊಡಬೇಕೆಂದು ಅದೇ ಅಧಿನಿಯಮದ 70ನೇ ಕಲಂ ವಿಧಿಸುತ್ತದೆ. ಕಂಪನಿಯ ನೋಟೀಸು ಬಂದ ಮೇಲೂ ದಿನವೂ ರಾತ್ರಿ ಅಲಾರಂ ಚಾಲೂ ಮಾಡುತ್ತಿದ್ದರೆ, ಒಂದೆರಡು ತಿಂಗಳ ಬಾಡಿಗೆಯನ್ನೂ ಕೊಟ್ಟಿದ್ದರೆ, ನಡವಳಿಕೆಯಿಂದಲೇ ಕರಾರನ್ನು ಒಪ್ಪಿಕೊಂಡರೆಂಬ ವಾದ ಎದುರಾದೀತು. ಬೇಡವಾದರೆ ಬಳಕೆಯನ್ನು ನಿಲ್ಲಿಸಿ, ಬಂದು ಒಯ್ಯಿರೆಂದು ಲಿಖಿತವಾಗಿ ತಿಳಿಸುವುದೇ ಸರಿಯಾದ ದಾರಿ.

ಕಂಪನಿಯ ಕಡೆಗೂ ಒಂದು ಮಿತಿಯಿದೆ. ಯಾವ ವೇಳೆಯಲ್ಲಾದರೂ ಒಳಬಂದು ಉಪಕರಣವನ್ನು ಬಿಚ್ಚಿಕೊಳ್ಳುವ ಅಧಿಕಾರವನ್ನು ಕರಾರಿನಲ್ಲಿ ಕೊಟ್ಟವರು ಹಳೆಯ ಮಾಲೀಕರು. ಅನುಮತಿ ಕೊಟ್ಟವರು ಸ್ವತ್ತನ್ನು ವರ್ಗಾಯಿಸಿದರೆ ಹೊಸ ಮಾಲೀಕರು ಅಷ್ಟರಿಂದಲೇ ಆ ಅನುಮತಿಗೆ ಬದ್ಧರಾಗುವುದಿಲ್ಲವೆಂಬುದು ಭಾರತೀಯ ಈಸ್‌ಮೆಂಟ್ಸ್ ಅಧಿನಿಯಮ, 1882ರ 59ನೇ ಕಲಮಿನ ತತ್ವ. ಆದುದರಿಂದ ಕಂಪನಿಯ ನೌಕರರು ಹೊಸ ಮಾಲೀಕರ ಒಪ್ಪಿಗೆ ಪಡೆದೇ ಒಳಬರಬೇಕು. ಹೊಸ ಮಾಲೀಕರೂ ಸಮಂಜಸವಾದ ಸಮಯದಲ್ಲಿ ಒಪ್ಪಿಗೆ ಕೊಡಬೇಕು. ವಿನಾಕಾರಣ ತಡೆದರೆ ವಸ್ತುವನ್ನು ಅನ್ಯಾಯವಾಗಿ ಇಟ್ಟುಕೊಂಡಂತಾಗುತ್ತದೆ. ಅಲಾರಂ ಬಿಚ್ಚಿಸಿ ಗುಜರಿಗೆ ಹಾಕಿದರೆ ಬೆಲೆಯ ಹೊಣೆ ಅವರ ಮೇಲೆಯೇ ಬರುತ್ತದೆ. ಪರರದೆಂದು ತಿಳಿದೂ ಅಪ್ರಾಮಾಣಿಕವಾಗಿ ಮಾರಿಕೊಂಡಿದ್ದರೆ ಭಾರತೀಯ ನ್ಯಾಯ ಸಂಹಿತೆ, 2023ರ 314ನೇ ಕಲಮಿನ ಅಪ್ರಾಮಾಣಿಕ ದುರುಪಯೋಗದ ಆರೋಪಕ್ಕೂ ಗುರಿಯಾಗಬಹುದು.

ಮಾರಾಟದ ಕಾರಣ ಕರಾರು ನಡುವೆಯೇ ಮುರಿದಾಗ ಕಂಪನಿಗಳು ಉಳಿದ ಅವಧಿಯ ಪೂರ್ತಿ ಬಾಡಿಗೆಯನ್ನು ಕೇಳುವುದು ವಾಡಿಕೆ. ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಊಹಿಸೋಣ. ಅವಧಿ 36 ತಿಂಗಳು, ಬಾಡಿಗೆ ತಿಂಗಳಿಗೆ ರೂ. 2,000, ಠೇವಣಿ ರೂ. 10,000. ಶೆಡ್ ಮಾರಾಟವಾದದ್ದು 20 ತಿಂಗಳಾದ ಮೇಲೆ. ಉಳಿದ 16 ತಿಂಗಳಿಗೆ ರೂ. 32,000 ಕೊಡಬೇಕೆಂದು ಕರಾರು ಹೇಳುತ್ತದೆ. ಆದರೆ ಕರಾರಿನಲ್ಲಿ ನಮೂದಿಸಿದ ಮೊತ್ತ 74ನೇ ಕಲಂ ಪ್ರಕಾರ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆ, ನಷ್ಟವೇ ಆಗದಿದ್ದಲ್ಲಿ ಪರಿಹಾರವಿಲ್ಲವೆಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ನಷ್ಟವನ್ನು ತಗ್ಗಿಸಿಕೊಳ್ಳಲು ಕಂಪನಿಗೆ ಇದ್ದ ಮಾರ್ಗಗಳನ್ನೂ 73ನೇ ಕಲಮಿನ ವಿವರಣೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದೇ ಉಪಕರಣವನ್ನು ಎರಡು ತಿಂಗಳಲ್ಲಿ ಬೇರೆ ಗ್ರಾಹಕರಿಗೆ ಅದೇ ಬಾಡಿಗೆಗೆ ಕೊಟ್ಟರೆ ಕಳೆದುಹೋದ ಬಾಡಿಗೆ ರೂ. 4,000, ಬಿಚ್ಚಿ ಸಾಗಿಸಿದ ವೆಚ್ಚ ರೂ. 3,000 ಎಂದಿಟ್ಟುಕೊಂಡರೆ ಒಟ್ಟು ನಷ್ಟ ರೂ. 7,000. ಆಗ ಠೇವಣಿಯಿಂದ ರೂ. 3,000 ಗ್ರಾಹಕರಿಗೇ ಹಿಂದಿರುಗಬೇಕು. ರೂ. 32,000ದ ನೋಟೀಸಿಗೆ ಹೆದರಿ ಚೆಕ್ ಬರೆಯುವ ಮುನ್ನ ಈ ಲೆಕ್ಕವನ್ನು ಕಂಪನಿಯ ಮುಂದಿಡಬಹುದು.

ಇಲ್ಲಿ ಸರಕು ಮತ್ತು ಸೇವಾ ತೆರಿಗೆಯ ಸೂಕ್ಷ್ಮವೊಂದಿದೆ. 2022ರ ಆಗಸ್ಟ್ 3ರ 178ನೇ ಸುತ್ತೋಲೆಯ ಪ್ರಕಾರ ಕರಾರು ಉಲ್ಲಂಘನೆಗಾಗಿ ಕೊಟ್ಟ ನಷ್ಟ ಪರಿಹಾರ ಸಾಮಾನ್ಯವಾಗಿ ಪೂರೈಕೆಯ ಪ್ರತಿಫಲವಲ್ಲ, ತೆರಿಗೆ ಬೀಳದು. ಆದರೆ ಶುಲ್ಕ ಕೊಟ್ಟು ಅವಧಿಗೆ ಮುನ್ನ ಹೊರಬರುವ ಅವಕಾಶವನ್ನು ಕರಾರೇ ಕೊಟ್ಟಿದ್ದರೆ ಆ ಶುಲ್ಕ ತೆರಿಗೆಗೆ ಒಳಪಡುತ್ತದೆ. ಕಂಪನಿಯ ಬಿಲ್ಲು ಯಾವ ಶೀರ್ಷಿಕೆಯಲ್ಲಿದೆ, ಕರಾರಿನ ಯಾವ ಷರತ್ತಿನಡಿ ಬಂದಿದೆ ಎಂಬುದನ್ನು ನೋಡಬೇಕು.

ಸ್ವಂತ ಅಲಾರಂ ಮಾರುವವರಿಗೂ ಒಂದು ಮಾತು. ಭೂಮಿ ಹಾಗೂ ಪೂರ್ಣಗೊಂಡ ಕಟ್ಟಡದ ಮಾರಾಟ ಈ ತೆರಿಗೆಯ ವ್ಯಾಪ್ತಿಗೆ ಬಾರದಿದ್ದರೂ, ನೋಂದಾಯಿತ ವ್ಯಾಪಾರಿ ತನ್ನ ವ್ಯವಹಾರದ ಉಪಕರಣವನ್ನು ಪ್ರತ್ಯೇಕ ಬೆಲೆಗೆ ಮಾರಿದರೆ ಅದು ಪೂರೈಕೆಯಾಗುತ್ತದೆ. ಹುಟ್ಟುವಳಿ ತೆರಿಗೆ ಜಮೆ ಪಡೆದಿದ್ದರೆ 18ನೇ ಕಲಮಿನ 6ನೇ ಉಪಕಲಂ ಪ್ರಕಾರ ಲೆಕ್ಕ ಹಾಕಬೇಕು. ಹಾಗೆಂದು ಎಲ್ಲವನ್ನೂ ಕ್ರಯಪತ್ರದ ಮೊತ್ತದಲ್ಲಿ ಸೇರಿಸಿದರೆ ಚರವಸ್ತುವಿನ ಬೆಲೆಯ ಮೇಲೂ ಮುದ್ರಾಂಕ ಶುಲ್ಕ ಹೋಗುತ್ತದೆ. ಬಾಡಿಗೆಯ ವಸ್ತುವನ್ನಂತೂ ಯಾವ ಕಡೆಯೂ ಸೇರಿಸತಕ್ಕದ್ದಲ್ಲ.

ಕೆಲವು ವಿಶೇಷ ಸಂದರ್ಭಗಳು

ಮಳಿಗೆಯ ಬಾಡಿಗೆದಾರರೇ ಅಲಾರಂ ಹಾಕಿಸಿಕೊಂಡಿದ್ದು, ಕಟ್ಟಡದ ಮಾಲೀಕರು ಕಟ್ಟಡವನ್ನು ಮಾರಿದರೆ ಏನೂ ಬದಲಾಗುವುದಿಲ್ಲ. ಹೊಸ ಮಾಲೀಕರು ಹಳಬರ ಸ್ಥಾನದಲ್ಲಿ ನಿಲ್ಲುತ್ತಾರೆ, ಅಷ್ಟೆ. ಬಾಡಿಗೆದಾರರು ಬಿಡುವಾಗ ತಾವು ಸೇರಿಸಿದ್ದನ್ನು ಒಯ್ಯಬಹುದೆಂದು, ಆದರೆ ಸ್ವತ್ತನ್ನು ಪಡೆದಾಗಿನ ಸ್ಥಿತಿಯಲ್ಲಿ ಬಿಡಬೇಕೆಂದು 108ನೇ ಕಲಂ ಹೇಳುತ್ತದೆ. ಗೋಡೆಯ ತೂತುಗಳನ್ನು ಮುಚ್ಚಿಸುವ ಖರ್ಚು ಅವರದೇ.

ಕಟ್ಟಡದ ಬದಲು ಕಂಪನಿಯ ಷೇರುಗಳೇ ಮಾರಾಟವಾದರೆ ಬಾಡಿಗೆಯ ಕರಾರು ಹಾಗೆಯೇ ಮುಂದುವರಿಯುತ್ತದೆ, ಏಕೆಂದರೆ ಕರಾರಿನ ಪಕ್ಷಗಾರ ಬದಲಾಗಿಲ್ಲ. ನಿಯಂತ್ರಣ ಬದಲಾದರೆ ತಿಳಿಸಬೇಕೆಂಬ ಷರತ್ತು ಇದೆಯೇ ಎಂದಷ್ಟೇ ನೋಡಬೇಕು.

ಬ್ಯಾಂಕಿನ ಹರಾಜಿನಲ್ಲಿ ಶೆಡ್ ಕೊಳ್ಳುವವರು ಹೆಚ್ಚು ಜಾಗರೂಕರಾಗಿರಬೇಕು. ಸಾಲಗಾರರಿಗೆ ಸೇರದ್ದನ್ನು ಬ್ಯಾಂಕು ಮಾರಲಾರದು. ಆದರೆ ‘ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತಿನ ಮೇಲೆ ಕೊಂಡ ಬಳಿಕ ಜನರೇಟರಾಗಲಿ ಅಲಾರಂ ಆಗಲಿ ಬೇರೆಯವರದೆಂದು ತಿಳಿದರೆ ಬ್ಯಾಂಕನ್ನು ಕೇಳಿ ಪ್ರಯೋಜನ ಕಡಿಮೆ. ದಿವಾಳಿ ಸಂಹಿತೆ, 2016ರ ಅಡಿಯಲ್ಲಿಯೂ ಬೈಲ್‌ಮೆಂಟಿನಂಥ ಕರಾರಿನ ಮೇಲೆ ಇರುವ ಮೂರನೆಯವರ ಸ್ವತ್ತು ಸಾಲಗಾರ ಕಂಪನಿಯ ಸ್ವತ್ತಲ್ಲವೆಂದು 18ನೇ ಕಲಮಿನ ವಿವರಣೆ ಹೊರಗಿಟ್ಟಿದೆ. ಹರಾಜಿಗೆ ಮುನ್ನ ಶೆಡ್ ನೋಡಲು ಹೋದಾಗ ಯಂತ್ರಗಳ ಮೇಲಿನ ಚೀಟಿಗಳನ್ನು ಓದಿ, ಫೋಟೋ ತೆಗೆದುಕೊಳ್ಳಿ.

ಬಾಡಿಗೆ ಕೊಟ್ಟ ಕಂಪನಿಗಳು ಮಲಗಿದರೆ ಹಕ್ಕೂ ಮಲಗುತ್ತದೆ. ಒಪ್ಪಿಸಿಟ್ಟ ಚರವಸ್ತುವನ್ನು ಹಿಂಪಡೆಯುವ ದಾವೆಗೆ, ಕೇಳಿದ ಮೇಲೆ ನಿರಾಕರಿಸಿದ ದಿನದಿಂದ 3 ವರ್ಷಗಳ ಕಾಲಮಿತಿಯನ್ನು ಕಾಲಮಿತಿ ಅಧಿನಿಯಮ, 1963 ನಿಗದಿಪಡಿಸಿದೆ. ಬೇರೆ ರೀತಿಯಲ್ಲಿ ವಶಕ್ಕೆ ಹೋದ ಚರವಸ್ತುವಿಗೂ ಅವಧಿ 3 ವರ್ಷವೇ, ಎಣಿಕೆ ಶುರುವಾಗುವ ದಿನ ಮಾತ್ರ ಬೇರೆ. ಅವಧಿ ಮೀರಿದರೆ 27ನೇ ಕಲಂ ಪ್ರಕಾರ ದಾವೆಯ ಹಕ್ಕು ಮಾತ್ರವಲ್ಲ, ಸ್ವತ್ತಿನ ಹಕ್ಕೇ ನಶಿಸುತ್ತದೆ.

ಇನ್ನು ಕಳ್ಳತನ ವಿಮೆ. ಅಲಾರಂ ಸುಸ್ಥಿತಿಯಲ್ಲಿರಬೇಕೆಂಬ ಷರತ್ತಿನ ಮೇಲೆ ಪಾಲಿಸಿ ಪಡೆದಿದ್ದರೆ, ಅಲಾರಂ ಬಿಚ್ಚಿದ ದಿನದಿಂದಲೇ ಆ ಷರತ್ತು ಮುರಿದಂತಾಗುತ್ತದೆ. ಹಳೆಯ ಮಾಲೀಕರ ಪಾಲಿಸಿ ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಸಬರನ್ನು ಕಾಯುವುದಿಲ್ಲ. ಕಟ್ಟಡದ ಸ್ವಾಧೀನಕ್ಕೂ ಹೊಸ ಅಲಾರಂ ಅಳವಡಿಕೆಗೂ ನಡುವಿನ ವಾರ ಹತ್ತು ದಿನಗಳೇ ಹೆಚ್ಚು ಅಪಾಯದ ಕಾಲ. ಸರಕನ್ನು ಸಾಗಿಸುವ ಮುನ್ನ ಏಜೆಂಟರೊಂದಿಗೆ ಮಾತನಾಡಿ ಪತ್ರ ಪಡೆದುಕೊಳ್ಳಬೇಕು.

ಕರಾರುಪತ್ರದಲ್ಲಿ ಬರೆಯಬಹುದಾದ ಒಕ್ಕಣೆ

ಇಷ್ಟೆಲ್ಲ ತೊಡಕು ಹುಟ್ಟುವುದು ಮುಂಗಡ ಕೊಟ್ಟು ಮಾರಾಟದ ಕರಾರು ಬರೆಯುವ ದಿನ ನಾಲ್ಕು ಸಾಲು ಕಡಿಮೆ ಬರೆಯುವುದರಿಂದ. ನಮ್ಮ ಕಕ್ಷಿದಾರರಿಗೆ ನಾನು ಸೂಚಿಸುವ ಒಕ್ಕಣೆ ಸುಮಾರಾಗಿ ಹೀಗಿರುತ್ತದೆ. ತಮ್ಮ ವಕೀಲರ ಸಲಹೆಯಂತೆ ಇದನ್ನು ತಿದ್ದಿಕೊಳ್ಳಬಹುದು:

‘ಸದರಿ ಷೆಡ್ಯೂಲ್ ಸ್ವತ್ತಿನಲ್ಲಿ ಅಳವಡಿಸಿರುವ ಕಳ್ಳತನ ಎಚ್ಚರಿಕೆ ಉಪಕರಣಗಳು, ಅಂದರೆ ಅನುಬಂಧದಲ್ಲಿ ಕ್ರಮಸಂಖ್ಯೆ ಸಹಿತ ನಮೂದಿಸಿರುವವು, ಬಾಡಿಗೆಯ ಕರಾರಿನ ಮೇರೆಗೆ ಪಡೆದವಾಗಿದ್ದು, ಅವುಗಳ ಒಡೆತನ ಮಾರುವವರದ್ದಲ್ಲವೆಂಬುದನ್ನು ಕೊಳ್ಳುವವರು ಅರಿತಿರುತ್ತಾರೆ. ಅವುಗಳ ಬೆಲೆ ಕ್ರಯದ ಮೊಬಲಗಿನಲ್ಲಿ ಸೇರಿರುವುದಿಲ್ಲ. ನೋಂದಣಿಯ ದಿನಾಂಕಕ್ಕೆ ಮೊದಲು ಮಾರುವವರು ತಮ್ಮ ಖರ್ಚಿನಲ್ಲಿ ಸದರಿ ಕರಾರನ್ನು ಮುಕ್ತಾಯಗೊಳಿಸಿ ಉಪಕರಣಗಳನ್ನು ತೆರವುಗೊಳಿಸತಕ್ಕದ್ದು ಅಥವಾ ಉಪಕರಣದ ಒಡೆಯರ ಲಿಖಿತ ಒಪ್ಪಿಗೆಯೊಂದಿಗೆ ಕೊಳ್ಳುವವರ ಹೆಸರಿಗೆ ಹೊಸ ಕರಾರು ಮಾಡಿಸಿಕೊಡತಕ್ಕದ್ದು. ಅಲ್ಲಿಯವರೆಗಿನ ಬಾಡಿಗೆ ಮತ್ತು ಇತರ ಬಾಕಿಗಳಿಗೆ ಮಾರುವವರೇ ಹೊಣೆಗಾರರು. ಠೇವಣಿ ಹಣವು ಮಾರುವವರಿಗೇ ಸೇರತಕ್ಕದ್ದು.’

ಹೊಸ ಕರಾರಿನೊಂದಿಗೆ ಅಲಾರಂ ಉಳಿಸಿಕೊಳ್ಳುವುದಾದರೆ ಸ್ವಾಧೀನ ಪಡೆದ ದಿನವೇ ಕಂಪನಿಯ ತಂತ್ರಜ್ಞರನ್ನು ಕರೆಸಿ ಹಳೆಯ ಗುಪ್ತಸಂಖ್ಯೆಗಳನ್ನು ಅಳಿಸಿಸಬೇಕು, ಎಚ್ಚರಿಕೆಯ ಕರೆ ಹೋಗುವ ಫೋನ್ ಸಂಖ್ಯೆಗಳನ್ನು ಬದಲಾಯಿಸಬೇಕು. ಇಲ್ಲವಾದರೆ ಮಧ್ಯರಾತ್ರಿ ಸೈರನ್ ಕೂಗಿದಾಗ ಕರೆ ಹೋಗುವುದು ಕಟ್ಟಡ ಮಾರಿ ನೆಮ್ಮದಿಯಿಂದ ನಿದ್ರಿಸುತ್ತಿರುವವರಿಗೆ. ಬಾಗಿಲು ತೆರೆಯುವ ಸಂಖ್ಯೆಯೂ ಅವರ ಹಳೆಯ ನೌಕರರಿಗೆಲ್ಲ ಗೊತ್ತಿರುತ್ತದೆ.